ತಿದ್ದುಪಡಿಗೂ ಒಂದು ಷರಾ ಬೇಕು

ಸರ್ಕಾರಿ ಕಚೇರಿಯ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿ ಬಿದ್ದರೆ ಅದನ್ನು ಅಳಿಸುವಂತಿರಲಿಲ್ಲ. ತಪ್ಪಾದ ಅಂಕಿ ಓದಲು ಬರುವಂತೆಯೇ ಉಳಿಯಬೇಕು. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ದಿನಾಂಕ ಸಹಿತ ಚಿಕ್ಕ ಸಹಿ ಮಾಡಬೇಕು. ಅವಶ್ಯವೆನಿಸಿದರೆ ಷರಾ ಕಾಲಂನಲ್ಲಿ ಕಾರಣವನ್ನೂ ನಮೂದಿಸಬೇಕು. ನಾನು ಸೇವೆಗೆ ಸೇರಿದ ಹೊಸತರಲ್ಲಿ, ಅರ್ಥಶಾಸ್ತ್ರದ ಎಂ.ಎ. ಪದವಿಯ ಹಮ್ಮು ಇನ್ನೂ ಇಳಿಯದಿದ್ದ ದಿನಗಳಲ್ಲಿ, ನಗದು ಪುಸ್ತಕದ ಒಂದು ಮೊತ್ತವನ್ನು ಬ್ಲೇಡಿನಿಂದ ನಯವಾಗಿ ಕೆರೆದು ತಿದ್ದಿದ್ದೆ. ಹಿರಿಯ ಶಿರಸ್ತೇದಾರರೊಬ್ಬರು ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಸಾರ್, ಇಲ್ಲಿ ಕಾಗದ ತೆಳುವಾಗಿದೆ. ಆಡಿಟ್‌ನವರು ಮೊದಲು ನೋಡುವುದೇ ಇದನ್ನು’ ಎಂದರು. ಬೈಯಲಿಲ್ಲ. ಅಷ್ಟು ಸಾಕಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷಗಳ ಸೇವೆಯಲ್ಲಿ ಮತ್ತೆಂದೂ ನಾನು ಬ್ಲೇಡು ಹಿಡಿಯಲಿಲ್ಲ.

ನಿವೃತ್ತನಾದ ಮೇಲೆ, 2021ರ ಜೂನ್ ತಿಂಗಳ ಕೊನೆಯ ವಾರದಲ್ಲಿ, ಅದೇ ಅಪರಾಧವನ್ನು 1,216 ಮಂದಿಯ ಸಾಲುಗಳ ಮೇಲೆ ಒಂದೇ ಏಟಿಗೆ ಎಸಗಿದೆ. ಈ ಬಾರಿ ಬೆಳಕಿಗೆ ಹಿಡಿದು ನೋಡಲು ಕಾಗದವೂ ಇರಲಿಲ್ಲ.

ನಡೆದದ್ದು ಇಷ್ಟು. ನಿವೃತ್ತ ನೌಕರರ ಒಂದು ಕ್ಷೇಮನಿಧಿಗೆ ನಾನು ಗೌರವ ಖಜಾಂಚಿ. ಸದಸ್ಯರಲ್ಲಿ ಹೆಚ್ಚಿನವರು ಕೆಳದರ್ಜೆಯ ಹುದ್ದೆಗಳಿಂದ ನಿವೃತ್ತರಾದವರು, ಅಥವಾ ಅವರ ವಿಧವೆಯರು. ಅವರ ಹೆಸರು, ವಿಳಾಸ, ಬ್ಯಾಂಕ್ ಖಾತೆಯ ಸಂಖ್ಯೆ, ಶಾಖೆಯ ಐಎಫ್‌ಎಸ್‌ಸಿ ಸಂಕೇತ ಇತ್ಯಾದಿ ಒಂಬತ್ತು ಕಾಲಂಗಳ ಎಕ್ಸೆಲ್ ಕಡತವೊಂದು ನನ್ನ ಕಂಪ್ಯೂಟರಿನಲ್ಲಿರುತ್ತದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲೆಯೂರಿ ಬೆಳೆದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತಷ್ಟೆ. ಹಳೆಯ ಸಿಂಡಿಕೇಟ್ ಶಾಖೆಗಳ ಸಂಕೇತಗಳು 2021ರ ಜುಲೈ 1ರಿಂದ ಅಮಾನ್ಯವಾಗುತ್ತವೆಂದು ಪ್ರಕಟಣೆ ಬಂತು. ಹೊಸ ಸಂಕೇತ ರೂಪಿಸುವ ಸೂತ್ರ ಸರಳವಾಗಿತ್ತು: ಮೊದಲ ನಾಲ್ಕು ಅಕ್ಷರಗಳಾದ ‘ಎಸ್‌ವೈಎನ್‌ಬಿ’ ಹೋಗಿ ‘ಸಿಎನ್‌ಆರ್‌ಬಿ’ ಬರಬೇಕು, ಶಾಖೆಯ ಸಂಖ್ಯೆಗೆ ಹತ್ತು ಸಾವಿರ ಕೂಡಬೇಕು. ಅಂದರೆ ಹಿಂದೆ 003687 ಆಗಿದ್ದುದು 013687 ಆಗಬೇಕು. ಖಾತೆಯ ಸಂಖ್ಯೆ ಬದಲಾಗುವಂತಿರಲಿಲ್ಲ.

ನಮ್ಮ ಪಟ್ಟಿಯಲ್ಲಿ ಇಂಥ 312 ಸದಸ್ಯರಿದ್ದರು. ಅವರನ್ನೆಲ್ಲ ಒಂದೆಡೆ ತಂದುಕೊಂಡರೆ ತಿದ್ದಲು ಸುಲಭವೆಂದು, ಬ್ಯಾಂಕ್ ವಿವರದ ಎರಡು ಕಾಲಂಗಳನ್ನು, ಅಂದರೆ ಖಾತೆ ಸಂಖ್ಯೆ ಮತ್ತು ಸಂಕೇತ ಇವೆರಡನ್ನೇ ಆಯ್ದು, ಸಂಕೇತದ ಅಕಾರಾದಿಯಲ್ಲಿ ವಿಂಗಡಿಸಿದೆ. ತೆರೆ ಒಮ್ಮೆ ಮಿನುಗಿತು. ಸಿಂಡಿಕೇಟಿನವರೆಲ್ಲ ಒಂದೇ ಗುಂಪಾಗಿ ನಿಂತರು. ಎರಡು ಸಂಜೆ ಕುಳಿತು ಸಂಕೇತಗಳನ್ನು ಶ್ರದ್ಧೆಯಿಂದ ತಿದ್ದಿ, ಕಡತವನ್ನು ಉಳಿಸಿ ಮುಚ್ಚಿದೆ. ಓದುಗರಲ್ಲಿ ಎಕ್ಸೆಲ್ ಬಲ್ಲವರು ಈಗಾಗಲೇ ತಲೆಯ ಮೇಲೆ ಕೈಯಿಟ್ಟುಕೊಂಡಿರುತ್ತಾರೆ. ಖಾತೆ ಮತ್ತು ಸಂಕೇತ ಒಟ್ಟಿಗೆ ಸ್ಥಳಾಂತರಗೊಂಡಿದ್ದವು. ಹೆಸರುಗಳು ಮಾತ್ರ ಇದ್ದಲ್ಲೇ ಉಳಿದಿದ್ದವು. ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಖಾತೆ.

ಜುಲೈ ಮೊದಲ ವಾರ 64 ಮಂದಿಗೆ ವೈದ್ಯಕೀಯ ನೆರವು ರವಾನೆಯಾಯಿತು. ಒಂದೂ ಪಾವತಿ ತಿರಸ್ಕೃತವಾಗಲಿಲ್ಲ. ಸಂಕೇತ ಬದಲಾದ ತಿಂಗಳಲ್ಲೇ ಒಂದೂ ವಾಪಸಾಗದಿದ್ದುದಕ್ಕೆ ನಾನು ಸಮಿತಿಯ ಸಭೆಯಲ್ಲಿ ಹೆಮ್ಮೆಪಟ್ಟುಕೊಂಡದ್ದೂ ಉಂಟು. ವಾಪಸಾಗುವುದಾದರೂ ಹೇಗೆ? ಪ್ರತಿಯೊಂದು ಖಾತೆಯೂ ನಿಜವಾದ ಖಾತೆ, ಅದರ ಪಕ್ಕದ ಸಂಕೇತವೂ ನಿಜವಾದ ಸಂಕೇತ. ಹೆಸರು ತಾಳೆಯಾಗುವುದಿಲ್ಲವೆಂದು ಬ್ಯಾಂಕು ತಡೆಯಬಹುದಿತ್ತಲ್ಲ ಎಂದು ಕೇಳಬಹುದು. ಭಾರತೀಯ ರಿಸರ್ವ್ ಬ್ಯಾಂಕು 2010ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಇಂಥ ವಿದ್ಯುನ್ಮಾನ ಪಾವತಿಗಳನ್ನು ಖಾತೆ ಸಂಖ್ಯೆಯೊಂದನ್ನೇ ಆಧರಿಸಿ ಜಮೆ ಮಾಡಬಹುದು; ಹೆಸರನ್ನು ನೋಡಬೇಕೆಂಬ ನಿರ್ಬಂಧವಿಲ್ಲ. ಹಣ ಕಳಿಸುವವನು ಮೊದಲೇ ಫಲಾನುಭವಿಯ ಹೆಸರನ್ನು ಪರಿಶೀಲಿಸಿಕೊಳ್ಳುವ ಸೌಲಭ್ಯವನ್ನು ನೆಫ್ಟ್ ಮತ್ತು ಆರ್‌ಟಿಜಿಎಸ್ ವ್ಯವಸ್ಥೆಗಳಲ್ಲಿ 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ಅದೇ ರಿಸರ್ವ್ ಬ್ಯಾಂಕು 2024ರ ಡಿಸೆಂಬರ್‌ನಲ್ಲಿ ಸೂಚಿಸಿತು. ನಮ್ಮ ಪಾಲಿಗೆ ಅದು ನಾಲ್ಕು ವರ್ಷ ತಡವಾಗಿತ್ತು.

ಒಂಬತ್ತು ದಿನಗಳ ನಂತರ ತಿಪಟೂರಿನ ಕಡೆಯಿಂದ ದೂರವಾಣಿ ಕರೆ ಬಂತು. ಜವಾನರಾಗಿ ನಿವೃತ್ತರಾಗಿ ತೀರಿಕೊಂಡವರೊಬ್ಬರ ಪತ್ನಿ. ‘ಸಾರ್, ದುಡ್ಡು ಬಂದಿಲ್ಲ’ ಎಂದರು. ನನ್ನ ಮುಂದೆ ಬ್ಯಾಂಕಿನ ವರದಿ ತೆರೆದಿತ್ತು. ‘ಬಂದಿದೆ ಅಮ್ಮ, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ನೋಡಿ’ ಎಂದೆ. ಎರಡು ದಿನ ಬಿಟ್ಟು ಮತ್ತೆ ಕರೆ ಮಾಡಿ, ಎಂಟ್ರಿ ಹಾಕಿಸಿದ್ದಾಗಿಯೂ ಹಣ ಬಂದಿಲ್ಲವೆಂದೂ ಹೇಳಿದರು. ‘ಮನೆಯವರು ಯಾರಾದರೂ ತೆಗೆದಿರಬಹುದು, ವಿಚಾರಿಸಿ’ ಎಂದುಬಿಟ್ಟೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಗಲಿ ಸಾರ್’ ಎಂದು ಇಟ್ಟರು. ಅವರ ಮಗನ ಮೇಲೆ ನಾನು ಅನುಮಾನ ಹುಟ್ಟಿಸಿದ್ದೆ. ಮರುದಿನ ಅಂಥದೇ ಇನ್ನೂ ಮೂರು ಕರೆಗಳು ಬಂದಾಗ ನನ್ನ ಎದೆ ಧಸಕ್ಕೆಂದಿತು. ಮೂಲ ಅರ್ಜಿಗಳ ಕಟ್ಟನ್ನು ಬಿಚ್ಚಿ ಕಡತದೊಡನೆ ತಾಳೆ ನೋಡಿದೆ. ಅರವತ್ತನಾಲ್ಕು ಪಾವತಿಗಳಲ್ಲಿ ಒಂದೂ ಸರಿಯಾದ ಕೈ ಸೇರಿರಲಿಲ್ಲ.

ಮುಂದಿನ ಒಂದು ತಿಂಗಳು ಹೇಗೆ ಕಳೆಯಿತೆಂಬುದನ್ನು ವಿಸ್ತರಿಸುವುದಿಲ್ಲ. 61 ಮಂದಿ ತಮ್ಮದಲ್ಲದ ಹಣವನ್ನು ಹಿಂದಿರುಗಿಸಿದರು. ಬಹುತೇಕರು ಒಂದೇ ಮಾತಿಗೆ. ಇಬ್ಬರು ಕಂತುಗಳಲ್ಲಿ ಕೊಟ್ಟರು. ಒಬ್ಬ ಸದಸ್ಯರು ಕೋವಿಡ್‌ನ ಎರಡನೆಯ ಅಲೆಯಲ್ಲಿ ತೀರಿಕೊಂಡಿದ್ದರು, ಅವರ ಖಾತೆಯನ್ನು ಬ್ಯಾಂಕು ತಡೆಹಿಡಿದಿತ್ತು. ಆ ಮೊತ್ತವನ್ನು ನಾನು ಕೈಯಿಂದ ಭರಿಸಿದೆ. ತಿಪಟೂರಿನ ತಾಯಿಗೆ ಕರೆ ಮಾಡಿ ಕ್ಷಮೆ ಕೇಳಿದಾಗ ಅವರು ಹಣದ ಮಾತೇ ಎತ್ತಲಿಲ್ಲ. ‘ಮಗನಿಗೂ ಒಂದು ಮಾತು ಹೇಳಿಬಿಡಿ ಸಾರ್’ ಎಂದರು. ಹೇಳಿದೆ.

ಕಡತವನ್ನು ಸರಿಪಡಿಸುವ ಕೆಲಸ ಉಳಿದಿತ್ತು. ಉಳಿಸಿ ಮುಚ್ಚಿದ ಕಡತದಲ್ಲಿ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ಪುಣ್ಯವಶಾತ್ ಮಾರ್ಚ್‌ನಲ್ಲಿ ಲೆಕ್ಕಪರಿಶೋಧಕರಿಗೆ ಇಮೇಲಿನಲ್ಲಿ ಕಳಿಸಿದ್ದ ಪ್ರತಿಯೊಂದು ಹಾಗೆಯೇ ಇತ್ತು. ನನ್ನ ತಂಗಿಯ ಮಗಳು ಇದೇ ಊರಿನ ಒಂದು ಸಂಸ್ಥೆಯಲ್ಲಿ ದತ್ತಾಂಶದ ಕೆಲಸ ಮಾಡುವವಳು. ಭಾನುವಾರ ಮುಖಗವಸು ಹಾಕಿಕೊಂಡು ಬಂದು, ನನ್ನ ಮೇಜಿನಿಂದ ಎರಡು ಮಾರು ದೂರ ಕುಳಿತು, ‘ಮಾವ, ಮೊದಲು ಈ ಕಡತವನ್ನು ಓದಲು ಮಾತ್ರ ಬರುವ ಹಾಗೆ ಬೀಗ ಹಾಕಿ. ಇನ್ನು ಮುಂದೆ ಇದನ್ನು ಯಾರೂ ಮುಟ್ಟಬಾರದು, ನೀವೂ ಸೇರಿ’ ಎಂದಳು. ‘ಮುಟ್ಟದೆ ತಿದ್ದುವುದು ಹೇಗಮ್ಮ?’ ಎಂದೆ.

ಅವಳು ತೋರಿಸಿದ್ದು ಕಪ್ಪು ಪರದೆಯ ಮೇಲೆ ಅಕ್ಷರಗಳಲ್ಲಿ ಆಜ್ಞೆ ಬರೆಯುವ ಹಳೆಯ ವಿಧಾನ, ಕಮಾಂಡ್ ಲೈನ್ ಎನ್ನುತ್ತಾರಲ್ಲ, ಅದು. ಮೊದಲು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶವನ್ನು ಕಿಟಕಿಯನ್ನೇ ತೆರೆಯದೆ, ಒಂದು ಸಾಲಿನ ಆಜ್ಞೆಯಿಂದಲೇ ಓಡಿಸಿ, ಎಕ್ಸೆಲ್ ಕಡತದಿಂದ ಸಿಎಸ್‌ವಿ ಪ್ರತಿ ಮಾಡಿಕೊಂಡಳು. ಸಿಎಸ್‌ವಿ ಎಂದರೆ ಸದಸ್ಯರೊಬ್ಬರಿಗೆ ಒಂದು ಸಾಲಿನಂತೆ, ಕಾಲಂಗಳ ನಡುವೆ ಅಲ್ಪವಿರಾಮವಿಟ್ಟು ಬರೆದ ಬರಿಯ ಪಠ್ಯ. ಬಣ್ಣ, ಗೆರೆ, ಸೂತ್ರ ಯಾವುದೂ ಇರುವುದಿಲ್ಲ. ಇದರ ನಿಯಮಗಳು ಒಂದು ಪ್ರಮಾಣಿತ ದಾಖಲೆಯಾಗಿ ಬರಹಕ್ಕಿಳಿದದ್ದು 2005ರಲ್ಲಷ್ಟೇ, ಆದರೆ ಬಳಕೆ ಬಹಳ ಹಿಂದಿನದು. ಬಳಿಕ ‘ಸೆಡ್’ ಎಂಬ ಪುಟ್ಟ ಸಲಕರಣೆಗೆ ಒಂದು ಸಾಲು ಬರೆದಳು. ಕನ್ನಡದಲ್ಲಿ ಹೇಳುವುದಾದರೆ ಅದರ ತಾತ್ಪರ್ಯ ಹೀಗಿತ್ತು: ‘ಎಸ್‌ವೈಎನ್‌ಬಿ ಎಂಬ ಅಕ್ಷರಗಳ ಹಿಂದೆಯೇ ಮೂರು ಸೊನ್ನೆಗಳೂ ನಾಲ್ಕು ಅಂಕಿಗಳೂ ಬಂದರೆ, ಆ ನಾಲ್ಕು ಅಂಕಿಗಳನ್ನು ಹಾಗೆಯೇ ಇಟ್ಟುಕೊಂಡು, ಅವುಗಳ ಮುಂದೆ ಸಿಎನ್‌ಆರ್‌ಬಿ, ಎರಡು ಸೊನ್ನೆ, ಒಂದು ಎಂದು ಬರೆ. ಬೇರೆ ಯಾವುದನ್ನೂ ಮುಟ್ಟಬೇಡ. ಫಲಿತಾಂಶವನ್ನು ಹೊಸ ಕಡತಕ್ಕೆ ಹಾಕು.’ ನಾನು ಎರಡು ಸಂಜೆ ತೆಗೆದುಕೊಂಡ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು.

ನನಗೆ ಅಚ್ಚರಿ ತಂದದ್ದು ಆ ವೇಗವಲ್ಲ. ಅನಂತರ ಅವಳು ಮಾಡಿದ ಪರಿಶೀಲನೆ. ‘ಗ್ರೆಪ್’ ಎಂಬ ಸಲಕರಣೆಯಿಂದ ಹಳೆಯ ಕಡತದಲ್ಲಿ ಹಳೆಯ ಸಂಕೇತದ ಸಾಲುಗಳೆಷ್ಟೆಂದು ಎಣಿಸಿದಳು: 312. ಹೊಸ ಕಡತದಲ್ಲಿ ಹೊಸ ಮಾದರಿಯ ಸಂಕೇತಗಳು: 312. ಹಳೆಯವು ಉಳಿದದ್ದು: ಸೊನ್ನೆ. ಕೊನೆಗೆ ‘ಡಿಫ್’ ಎಂಬುದಕ್ಕೆ ಎರಡೂ ಕಡತಗಳನ್ನು ಒಪ್ಪಿಸಿ, ಯಾವ ಯಾವ ಸಾಲು ಬದಲಾಗಿದೆಯೆಂದು ಕೇಳಿದಳು. 312 ಜೋಡಿ ಸಾಲುಗಳು, ಮೇಲೆ ಹಳೆಯದು, ಕೆಳಗೆ ಹೊಸದು, ಪರದೆಯ ಮೇಲೆ ಹರಿದುಹೋದವು. ಗೆರೆ ಎಳೆದ ತಪ್ಪು ಅಂಕಿ, ಪಕ್ಕದಲ್ಲಿ ಸರಿಯಾದ ಅಂಕಿ! ಶಿರಸ್ತೇದಾರರ ನಗದು ಪುಸ್ತಕವೇ ನನ್ನ ಕಣ್ಣ ಮುಂದೆ ಬಂದು ನಿಂತಂತಾಯಿತು.

ಲೆಕ್ಕಪತ್ರದ ಹಿನ್ನೆಲೆಯುಳ್ಳವರಿಗೆ ಇಲ್ಲೊಂದು ಸೂಕ್ಷ್ಮವಿದೆ. ಕಡತವನ್ನು ತಾಳೆ ನೋಡಲು ನಾವು ಬಳಸುತ್ತಿದ್ದುದು ಮೊತ್ತಗಳನ್ನು. ಸಾಲುಗಳ ಸಂಖ್ಯೆ ಸರಿಯಿದೆಯೆ, ಹಣದ ಒಟ್ಟು ಸರಿಯಿದೆಯೆ ಎಂದು ನೋಡುವುದು. ಹೆಚ್ಚು ಎಚ್ಚರಿಕೆಯವರಾದರೆ ಖಾತೆ ಸಂಖ್ಯೆಗಳನ್ನೇ ಕೂಡಿ ಅರ್ಥವಿಲ್ಲದ ಒಂದು ಬೃಹತ್ ಮೊತ್ತ ತೆಗೆದು, ಮೊದಲು ಮತ್ತು ನಂತರ ಹೋಲಿಸುವುದು. ಈ ಹ್ಯಾಷ್ ಟೋಟಲ್ ವಿಧಾನ ಕಂಪ್ಯೂಟರಿನ ಆರಂಭದ ದಿನಗಳಿಂದಲೂ ಲೆಕ್ಕಪರಿಶೋಧಕರಿಗೆ ಪರಿಚಿತ. ಆದರೆ ನಾನು ಮಾಡಿದ ತಪ್ಪಿನಲ್ಲಿ ಈ ಮೂರೂ ಮೊತ್ತಗಳು ಒಂದಿಷ್ಟೂ ಬದಲಾಗುವುದಿಲ್ಲ. ಅಂಕಿಗಳೆಲ್ಲ ಅವೇ, ಕುಳಿತ ಜಾಗ ಮಾತ್ರ ಬೇರೆ. ಸಾಲಿಗೆ ಸಾಲು ಹೋಲಿಸಿದ್ದರೆ ಮಾತ್ರ ಗುಟ್ಟು ರಟ್ಟಾಗುತ್ತಿತ್ತು: ಬದಲಾಗಬೇಕಿದ್ದುದು 312, ಬದಲಾದದ್ದು ಸಾವಿರಕ್ಕೂ ಹೆಚ್ಚು. ಆ ಹೋಲಿಕೆಯನ್ನು ಮನುಷ್ಯನ ಕಣ್ಣು ಮಾಡಲಾರದು. ಯಂತ್ರಕ್ಕೆ ಅದು ಅರೆಕ್ಷಣದ ಕೆಲಸ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದರೆ ಸುಳ್ಳಾದೀತು. ಊರುವಾರು ಸದಸ್ಯರ ಸಂಖ್ಯೆ ಬೇಕೆಂದು ನಾನು ಕೇಳಿದಾಗ, ‘ಆಕ್’ ಎಂಬ ಇನ್ನೊಂದು ಸಲಕರಣೆಯಿಂದ ಅವಳು ಮಾಡಿದ ಮೊದಲ ಪ್ರಯತ್ನ ಸೋತಿತು. ‘ನಂ. 12, 3ನೇ ಅಡ್ಡರಸ್ತೆ’ ಎಂಬಂತಹ ವಿಳಾಸಗಳೊಳಗೇ ಅಲ್ಪವಿರಾಮಗಳಿದ್ದುದರಿಂದ ಒಂಬತ್ತು ಕಾಲಂ ಇರಬೇಕಾದ ಕಡೆ ಹತ್ತು, ಹನ್ನೊಂದು ಎಂದು ಅದು ಎಣಿಸಿತು. ಪಠ್ಯವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಇಂಥ ಅಲ್ಪವಿರಾಮಗಳನ್ನು ರಕ್ಷಿಸುವುದು ಸಿಎಸ್‌ವಿಯ ನಿಯಮ. ಹಳೆಯ ಆಕ್‌ಗೆ ಆ ನಿಯಮ ತಿಳಿಯದು. ಪೈಥಾನ್ ಭಾಷೆಯ ಸಿದ್ಧ ಪರಿಕರ ಬಳಸಿ ಆ ಕೆಲಸ ಮುಗಿಸಿದಳು. ನನಗೆ ಸಮಾಧಾನವೆನಿಸಿದ ಅಂಶವೆಂದರೆ, ಸೋಲು ಸೋಲಾಗಿಯೇ ಕಾಣಿಸಿಕೊಂಡಿತು, ಮೂಲ ಕಡತಕ್ಕೆ ಒಂದು ಗೀರೂ ಬೀಳಲಿಲ್ಲ.

ಈ ಸಲಕರಣೆಗಳ ವಯಸ್ಸನ್ನು ಕೇಳಿದಾಗ ನಾನು ಬೆರಗಾದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚೀ 1969ರಲ್ಲಿ ಆರಂಭಿಸಿದ ಯೂನಿಕ್ಸ್ ವ್ಯವಸ್ಥೆಯ ಕೂಸುಗಳಿವು. ಒಂದು ಸಲಕರಣೆಯ ಫಲಿತಾಂಶವನ್ನು ಕೊಳವೆಯಲ್ಲಿ ಹರಿಸಿದಂತೆ ಮತ್ತೊಂದಕ್ಕೆ ಹರಿಸುವ ಕಲ್ಪನೆ ಡಗ್ಲಸ್ ಮೆಕಿಲ್‌ರಾಯ್ ಅವರದು. ಅದು 1973ರಲ್ಲಿ ಕಾರ್ಯರೂಪಕ್ಕೆ ಬಂತು. ಆಕ್ 1977ರದು, ಏಹೋ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಮೂವರಲ್ಲೊಬ್ಬರಾದ ಬ್ರಯಾನ್ ಕರ್ನಿಹನ್ ಎಂಬತ್ತರ ಆಸುಪಾಸಿನಲ್ಲಿ ಮತ್ತೆ ಅದೇ ಕೆಲಸಕ್ಕೆ ಕುಳಿತು, ಸಿಎಸ್‌ವಿಯ ಅಲ್ಪವಿರಾಮದ ತೊಡಕನ್ನು ಬಿಡಿಸುವ ಸೌಲಭ್ಯವನ್ನು ಆಕ್‌ಗೆ ಸೇರಿಸಿದರು. 2023ರಲ್ಲಿ ಅದರ ಪುಸ್ತಕದ ಎರಡನೆಯ ಆವೃತ್ತಿಯೂ ಬಂತು. ನಿವೃತ್ತರಿಗೆ ಇದಕ್ಕಿಂತ ಉತ್ತೇಜನಕಾರಿ ಸುದ್ದಿ ಬೇಕೆ?

ಸ್ಪ್ರೆಡ್‌ಶೀಟು ಇವುಗಳಿಗಿಂತ ಕಿರಿಯದು. ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ 1979ರಲ್ಲಿ ಬಂದಾಗ ಅದರ ಸೊಗಸಿದ್ದುದು ‘ಬಡ್ಡಿ ದರ ಹೀಗಾದರೆ ಏನಾದೀತು, ಹಾಗಾದರೆ ಏನಾದೀತು’ ಎಂದು ಅಂಕಿ ಬದಲಿಸಿ ನೋಡುವ ಅನುಕೂಲದಲ್ಲಿ. ಯೋಚಿಸಲು ಅದಕ್ಕಿಂತ ಉತ್ತಮ ಉಪಕರಣ ಇಂದಿಗೂ ನನಗೆ ಕಂಡಿಲ್ಲ. ಆಯವ್ಯಯದ ಅಂದಾಜುಗಳನ್ನು ಅದರಲ್ಲೇ ಮಾಡುತ್ತೇನೆ. ಅಂಕಿಯನ್ನು ಸುಲಭವಾಗಿ ಬದಲಿಸಿ ನೋಡಲೆಂದೇ ಹುಟ್ಟಿದ ಹಾಳೆಯಲ್ಲಿ, ಬದಲಾಗಬಾರದ ದಾಖಲೆಗಳನ್ನು ನಾವು ಇಟ್ಟುಕೊಂಡಿದ್ದೇವೆ. ತೊಂದರೆ ಶುರುವಾಗುವುದು ಅಲ್ಲಿಂದ.

ನನ್ನಂಥ ಖಜಾಂಚಿಯೊಬ್ಬನ ಪಾಡು ಹಾಗಿರಲಿ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಖ್ಯಾತ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ನನ್ನ ವಿಷಯದವರು ಮರೆತಿರಲಾರರು. ಸರ್ಕಾರದ ಸಾಲ ಒಟ್ಟು ದೇಶೀಯ ಉತ್ಪನ್ನದ ಶೇ 90ನ್ನು ದಾಟಿದ ಮುಂದುವರಿದ ದೇಶಗಳಲ್ಲಿ, ಎರಡನೆಯ ಮಹಾಯುದ್ಧದ ನಂತರದ ಅವಧಿಯ ಸರಾಸರಿ ಬೆಳವಣಿಗೆ ಶೇ -0.1ಕ್ಕೆ ಕುಸಿಯುತ್ತದೆ ಎಂಬ ಅದರ ಅಂಕಿಯನ್ನು ಯೂರೋಪು ಮತ್ತು ಅಮೆರಿಕದಲ್ಲಿ ಮಿತವ್ಯಯದ ಪ್ರತಿಪಾದಕರು ಧಾರಾಳವಾಗಿ ಬಳಸಿಕೊಂಡರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕೇಂದ್ರದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ತರಗತಿಯ ಅಭ್ಯಾಸಕ್ಕಾಗಿ ಆ ಅಂಕಿಯನ್ನು ಮರಳಿ ಪಡೆಯಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಲೇಖಕರನ್ನೇ ಕೇಳಿ ಎಕ್ಸೆಲ್ ಕಡತವನ್ನು ತರಿಸಿಕೊಂಡು ನೋಡಿದರೆ, ಸರಾಸರಿಯ ಸೂತ್ರ ಐದು ಸಾಲು ಮೊದಲೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಈ ಐದು ದೇಶಗಳು ಲೆಕ್ಕದಿಂದ ಹೊರಗುಳಿದಿದ್ದವು. ಅಧ್ಯಾಪಕರಾದ ಮೈಕೇಲ್ ಆಶ್ ಮತ್ತು ರಾಬರ್ಟ್ ಪೋಲಿನ್ ಅವರೊಡನೆ ಆತ 2013ರಲ್ಲಿ ಪ್ರಕಟಿಸಿದ ಮರುಲೆಕ್ಕದಲ್ಲಿ ಸರಾಸರಿ ಶೇ 2.2 ಎಂದು ಬಂತು. ನ್ಯಾಯವಾಗಿ ಹೇಳಬೇಕೆಂದರೆ, ಈ ಅಂತರದಲ್ಲಿ ಸೂತ್ರದ ತಪ್ಪಿನ ಪಾಲು ಚಿಕ್ಕದು. ಲಭ್ಯವಿದ್ದ ಕೆಲವು ವರ್ಷಗಳ ಅಂಕಿಗಳನ್ನು ಬಿಟ್ಟದ್ದು ಮತ್ತು ದೇಶಗಳಿಗೆ ತೂಕ ನೀಡಿದ ಬಗೆ ಇವುಗಳದೇ ದೊಡ್ಡ ಪಾಲು. ಲೇಖಕರು ಸೂತ್ರದ ತಪ್ಪನ್ನು ಒಪ್ಪಿಕೊಂಡರು, ತಮ್ಮ ಒಟ್ಟಾರೆ ನಿಲುವನ್ನು ಬಿಡಲಿಲ್ಲ. ನಾನು ಗಮನಿಸಿದ್ದು ಬೇರೊಂದನ್ನು. ಮೂರು ವರ್ಷಗಳ ಕಾಲ ಆ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಸ್ಪ್ರೆಡ್‌ಶೀಟಿನಲ್ಲಿ ಎದ್ದು ಕಾಣುವುದು ಉತ್ತರ. ಉತ್ತರಕ್ಕೆ ಬಂದ ದಾರಿ ಮನೆಗಳ ಹಿಂದೆ ಅಡಗಿರುತ್ತದೆ. ಅದೇ ಲೆಕ್ಕವನ್ನು ಸ್ಕ್ರಿಪ್ಟಿನಲ್ಲಿ ಬರೆದಿದ್ದರೆ ‘ಈ ಸಾಲಿನಿಂದ ಈ ಸಾಲಿನವರೆಗೆ’ ಎಂಬುದು ಓದಲು ಸಿಗುವ ವಾಕ್ಯವಾಗಿರುತ್ತಿತ್ತು.

ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯ ಪ್ರಸಂಗ ಇನ್ನೂ ಕಟುವಾದದ್ದು. ಪ್ರಯೋಗಾಲಯಗಳಿಂದ ಸಿಎಸ್‌ವಿ ರೂಪದಲ್ಲಿ ಬರುತ್ತಿದ್ದ ಕೋವಿಡ್ ಫಲಿತಾಂಶಗಳನ್ನು ಹಳೆಯ ಎಕ್ಸೆಲ್ ಮಾದರಿಯ ಕಡತಕ್ಕೆ ತುಂಬಲಾಗುತ್ತಿತ್ತು. ಆ ಹಳೆಯ ಮಾದರಿಯಲ್ಲಿ ಒಂದು ಹಾಳೆಗೆ 65,536 ಸಾಲುಗಳ ಮಿತಿ. ಮಿತಿ ಮೀರಿದ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೆ ಕಳೆದುಹೋದ ಸೋಂಕಿತರ ಸಂಖ್ಯೆ 15,841. ಸೋಂಕಿತರಿಗೆ ಅವರವರ ಫಲಿತಾಂಶವೇನೋ ತಲುಪಿತ್ತು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕಿ ಎಚ್ಚರಿಸಬೇಕಾದವರಿಗೆ ಪಟ್ಟಿ ತಲುಪಿರಲಿಲ್ಲ.

ಎಕ್ಸೆಲ್‌ನ ಅತಿಬುದ್ಧಿವಂತಿಕೆ ನಮ್ಮ ದಾಖಲೆಗಳಿಗೂ ಕಾಟ ಕೊಡುತ್ತದೆ. ಸಿಎಸ್‌ವಿ ಕಡತವನ್ನು ಎರಡು ಬಾರಿ ಒತ್ತಿ ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ, ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆಯ ಸೊನ್ನೆ ಹಾರಿಹೋಗುತ್ತದೆ. ಹದಿನಾಲ್ಕು ಅಂಕಿಯ ಸಂಖ್ಯೆ ‘ಇ+13’ ಎಂಬ ಬಾಲ ಹಚ್ಚಿಕೊಂಡು ಮೊಟಕಾಗಿ ಕಾಣುತ್ತದೆ. ಆ ಸ್ಥಿತಿಯಲ್ಲೇ ಮತ್ತೆ ಸಿಎಸ್‌ವಿಯಾಗಿ ಉಳಿಸಿದರೆ ಕಾಣಿಸಿದ್ದಷ್ಟೇ ಉಳಿದು, ಕೊನೆಯ ಅಂಕಿಗಳು ಶಾಶ್ವತವಾಗಿ ನಷ್ಟವಾಗುತ್ತವೆ. ಹದಿನೈದಕ್ಕಿಂತ ಹೆಚ್ಚು ಅಂಕಿಗಳಿದ್ದರೆ ಹೆಚ್ಚಿನವು ಸೊನ್ನೆಯಾಗುತ್ತವೆ. ಕನ್ನಡದ ಹೆಸರುಗಳ ಗತಿಯಂತೂ ಕೇಳಬೇಡಿ. ನುಡಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಪಟ್ಟಿಗಳು ಯಂತ್ರದ ಮಟ್ಟಿಗೆ ಕನ್ನಡವೇ ಅಲ್ಲ, ಫಾಂಟು ಬದಲಾದರೆ ಇಂಗ್ಲಿಷ್ ಅಕ್ಷರಗಳ ಚಿಂದಿ. ಅವುಗಳ ಅಕಾರಾದಿಯೂ ಅಡ್ಡಾದಿಡ್ಡಿ. ನಮ್ಮ ಕ್ಷೇಮನಿಧಿಯ ಹಳೆಯ ಪಟ್ಟಿ ಅಂಥದ್ದೇ. ಅದನ್ನು ಯೂನಿಕೋಡಿಗೆ ತಂದದ್ದೂ ಒಂದು ಸ್ಕ್ರಿಪ್ಟೇ. ಅರ್ಕಾವತ್ತು ಬರುವ ಹೆಸರುಗಳಲ್ಲಿ ಕೆಲವನ್ನು ಮಾತ್ರ ಕೈಯಿಂದ ತಿದ್ದಬೇಕಾಯಿತು.

ಆಜ್ಞೆಯ ಸಾಲುಗಳಿಗೆ ಮರುಳಾಗಿ ನಾನು ಮುಗ್ಧನಾಗಿದ್ದೇನೆಂದು ಭಾವಿಸಬಾರದು. ಕೈ ಒಂದು ತಪ್ಪು ಮಾಡುವ ಹೊತ್ತಿಗೆ ಸ್ಕ್ರಿಪ್ಟು ಸಾವಿರ ಮಾಡುತ್ತದೆ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ನಗರಗಳ ಹೆಸರು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಗೆ ಹೊಂದಿಕೊಂಡವು. ಪಟ್ಟಿಯಲ್ಲಿರುವ ‘ಮೈಸೂರ್’ ಎಂಬುದನ್ನೆಲ್ಲ ‘ಮೈಸೂರು’ ಮಾಡು ಎಂದು ಕಣ್ಣುಮುಚ್ಚಿ ಆಜ್ಞೆ ಕೊಟ್ಟರೆ ಏನಾಗುತ್ತದೆ? 2017ರ ಮಾರ್ಚ್ 31ರವರೆಗೆ ಅಸ್ತಿತ್ವದಲ್ಲಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್‌ನ ಹೆಸರೂ ಬದಲಾಗುತ್ತದೆ, ಯೂನಿವರ್ಸಿಟಿ ಆಫ್ ಮೈಸೂರ್‌ನದೂ ಬದಲಾಗುತ್ತದೆ. ಇವೆರಡೂ ತಮ್ಮ ಇಂಗ್ಲಿಷ್ ಹೆಸರನ್ನು ಬದಲಿಸಿಕೊಂಡಿರಲಿಲ್ಲ. ‘ಬಿಜಾಪುರ್’ ಎಂಬುದನ್ನೆಲ್ಲ ವಿಜಯಪುರವಾಗಿಸಿದರೆ ಛತ್ತೀಸಗಢದ ಬಿಜಾಪುರ ಜಿಲ್ಲೆಯೂ ನಮ್ಮದಾಗಿಬಿಡುತ್ತದೆ. ಎಕ್ಸೆಲ್‌ನ ‘ಹುಡುಕಿ ಬದಲಿಸು’ ಗುಂಡಿಯೂ ಇದೇ ಅನಾಹುತ ಮಾಡುತ್ತದೆ, ಎಷ್ಟು ಬದಲಾಯಿತೆಂದು ಒಂದು ಸಂಖ್ಯೆ ಹೇಳಿ ಸುಮ್ಮನಾಗುತ್ತದೆ. ಸ್ಕ್ರಿಪ್ಟಿನಲ್ಲಿ, ಹೊಸ ಕಡತವನ್ನು ಬಳಕೆಗೆ ಬಿಡುವ ಮೊದಲು ಬದಲಾದ ಸಾಲುಗಳನ್ನಷ್ಟೇ ಓದಿ, ಆಜ್ಞೆಯನ್ನು ತಿದ್ದಿ, ಮೂಲದಿಂದ ಮತ್ತೆ ಓಡಿಸಬಹುದು. ಕಚೇರಿಯ ಭಾಷೆಯಲ್ಲಿ ಇದು ಕರಡು. ಅನುಮೋದನೆಯಾದ ಮೇಲೆ ಶುದ್ಧಪ್ರತಿ.

ಇದು ಎಂಜಿನಿಯರುಗಳ ವಿದ್ಯೆ, ಗುಮಾಸ್ತರಿಗೆ ದಕ್ಕುವುದಲ್ಲ ಎನ್ನುವವರಿದ್ದಾರೆ. ಈ ಮಾತಿನಲ್ಲಿ ನನಗೆ ಹಳೆಯ ಅಹಂಕಾರ ಕೇಳಿಸುತ್ತದೆ. 2012ರ ನಿಯಮಗಳ ಮೇರೆಗೆ ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯವಾದಾಗಲೂ ಇದೇ ಬಗೆಯ ಗೊಣಗು ಕೇಳಿಬಂದಿತ್ತು. ನೌಕರರು ಕಲಿತರು, ಉತ್ತೀರ್ಣರಾದರು. ತ್ರಿಪದಿಯಷ್ಟು ಚಿಕ್ಕದಾದ ಮೂರು ಸಾಲುಗಳನ್ನು, ಅಂದರೆ ಎಣಿಸುವುದು, ಬದಲಿಸುವುದು, ಹೋಲಿಸುವುದು, ಇಷ್ಟನ್ನು ಅದೇ ಪಠ್ಯಕ್ಕೆ ಸೇರಿಸಲು ಅಡ್ಡಿಯೇನಿದೆಯೋ ನಾನರಿಯೆ. ಸಲಕರಣೆಗಳಿಗೆ ಕಾಸು ಕೊಡಬೇಕಿಲ್ಲ. ಲಿನಕ್ಸ್ ಯಂತ್ರಗಳಲ್ಲಿ ಅವು ಹುಟ್ಟಿನಿಂದಲೇ ಇವೆ. ವಿಂಡೋಸ್‌ನಲ್ಲಿಯೂ 2016ರಿಂದ ಲಿನಕ್ಸ್‌ನ ಅಂಗಳವೊಂದನ್ನು ತೆರೆದುಕೊಳ್ಳಬಹುದು. ಫಲಾನುಭವಿಗಳ ಪಟ್ಟಿಯನ್ನು ಸಗಟಾಗಿ ತಿದ್ದುವ ಯಾವುದೇ ಕಚೇರಿ, ತಿದ್ದಿದ ಆಜ್ಞೆಯ ಪ್ರತಿಯನ್ನೂ ಬದಲಾದ ಸಾಲುಗಳ ಪಟ್ಟಿಯನ್ನೂ ಕಡತದಲ್ಲಿ ಇಡಬೇಕು ಎಂಬ ಒಂದು ಸುತ್ತೋಲೆ ಹೊರಟರೆ ಸಾಕು. ಒಂದೊಂದೇ ಮನೆ ತಿದ್ದುವಾಗ ಎಕ್ಸೆಲ್ ಬಳಸಲಿ, ಯಾರೂ ಬೇಡವೆನ್ನುವುದಿಲ್ಲ.

ಆ ಭಾನುವಾರದ ಬಳಿಕ ನನ್ನ ಕಲಿಕೆ ನಿಧಾನವಾಗಿ ಸಾಗಿದೆ. ಉದ್ಧರಣ ಚಿಹ್ನೆ ಎಲ್ಲಿ ಹಾಕಬೇಕೆಂಬುದರಲ್ಲಿ ಈಗಲೂ ಎಡವುತ್ತೇನೆ. ತಂಗಿಯ ಮಗಳಿಗೆ ರಾತ್ರಿ ಹತ್ತರ ಮೇಲೂ ಫೋನು ಮಾಡಿ ಬೈಸಿಕೊಂಡಿದ್ದೇನೆ. ‘ಮಾವ, ದೋಷದ ಸಂದೇಶವನ್ನು ಪೂರ್ತಿ ಓದಿ, ಆಮೇಲೆ ಫೋನ್ ಮಾಡಿ’ ಎನ್ನುತ್ತಾಳೆ. ಅಧಿಕಾರದಲ್ಲಿದ್ದಾಗ ಅರ್ಜಿಯನ್ನು ಪೂರ್ತಿ ಓದಿಕೊಂಡು ಬನ್ನಿ ಎಂದು ನಾನೂ ಎಷ್ಟು ಜನರನ್ನು ಹಿಂದಕ್ಕೆ ಕಳಿಸಿದ್ದೆನೋ!

ಈಗ ಪ್ರತಿ ತಿದ್ದುಪಡಿಗೂ ಒಂದು ಪುಟ್ಟ ಸ್ಕ್ರಿಪ್ಟ್ ಕಡತವಿದೆ. ಮೊದಲ ಸಾಲಿನಲ್ಲಿ ದಿನಾಂಕ, ಎರಡನೆಯದರಲ್ಲಿ ಸಮಿತಿಯ ನಿರ್ಣಯದ ಸಂಖ್ಯೆ, ಮೂರನೆಯದರಲ್ಲಿ ಕಾರಣ, ಆಮೇಲೆ ಆಜ್ಞೆ. ಕಾರಣದ ಸಾಲುಗಳನ್ನು ಯಂತ್ರ ಓದುವುದಿಲ್ಲ, ಅವು ಲೆಕ್ಕಪರಿಶೋಧಕರಿಗಾಗಿ. ಕಳೆದ ತ್ರೈಮಾಸಿಕದಲ್ಲಿ ಡಿಫ್ ತೋರಿಸಿದ್ದು ಒಂಬತ್ತು ಜೋಡಿ ಸಾಲುಗಳನ್ನು. ಅವುಗಳಲ್ಲೊಂದು ತಿಪಟೂರಿನ ಆ ತಾಯಿಯದು. ಮಗನ ಮನೆಗೆಂದು ಹಾಸನಕ್ಕೆ ಹೋಗಿದ್ದಾರೆ, ಖಾತೆಯನ್ನೂ ಅಲ್ಲಿನ ಶಾಖೆಯೊಂದರಲ್ಲಿ ಹೊಸದಾಗಿ ತೆರೆದಿದ್ದಾರೆ. ಆ ಸಾಲನ್ನು ಕಾಗದಕ್ಕೆ ಮುದ್ರಿಸಿ, ಅವರು ಕಳಿಸಿದ ಪಾಸ್‌ಬುಕ್ಕಿನ ಜೆರಾಕ್ಸಿನೊಡನೆ ಅಂಕಿಗೆ ಅಂಕಿ ತಾಳೆ ನೋಡಿ, ಪಕ್ಕದಲ್ಲಿ ದಿನಾಂಕ ಹಾಕಿ ಚಿಕ್ಕ ಸಹಿ ಮಾಡಿದೆ.